ಜಲ ಹೊಣೆಗಾರಿಕೆಯ ಸ್ವಯಂಪ್ರೇರಿತ ಮಾನದಂಡ: ನಿಮ್ಮ ಘಟಕವನ್ನು ಸಿದ್ಧಗೊಳಿಸುವ ಬಗೆ

ಗಾರ್ಮೆಂಟ್ ವಾಷಿಂಗ್ ಘಟಕ ನಡೆಸುವವರು, ಹೋಟೆಲಿನ ನಿರ್ವಹಣಾ ಮುಖ್ಯಸ್ಥರು, ಆಹಾರ ಸಂಸ್ಕರಣಾ ಕಾರ್ಖಾನೆಯ ಪರಿಸರ ಅಧಿಕಾರಿಗಳು, ಕಾಫಿ ತೋಟದ ಮಾಲೀಕರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು: ನಮ್ಮಿಂದ ಸರಕು ಕೊಳ್ಳುವ ಕಂಪನಿ ನೀರಿನ ಸರ್ಟಿಫಿಕೇಟ್ ಕೇಳುತ್ತಿದೆ, ಇದು ಕಾನೂನೇ? ನಮ್ಮಲ್ಲಿ ಆಗಲೇ ಐಎಸ್‌ಒ (ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯ ಮಾನದಂಡದ) ಪ್ರಮಾಣಪತ್ರ ಇದೆ, ಅದು ಸಾಲದೇ? ಮಳೆನೀರು ಕೊಯ್ಲು ಮಾಡಿದ್ದೇವೆ, ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಇದೆ, ಇನ್ನೇನು ಬಾಕಿ? ಈ ಲೇಖನವನ್ನು ಆ ಪ್ರಶ್ನೆಗಳಿಗೆ ಉತ್ತರವಾಗಿ, ಕರ್ನಾಟಕದ ಮಧ್ಯಮ ಗಾತ್ರದ ಘಟಕವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ಮೊದಲ ಪ್ರಶ್ನೆಗೆ ಉತ್ತರ ಸರಳ. ಇದು ಕಾನೂನಲ್ಲ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನೀಡುವ ಸಮ್ಮತಿ, 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಬೇಕಾದ ಅನುಮತಿ, ಇವು ಕಾನೂನು. ಸ್ವಯಂಪ್ರೇರಿತ ಮಾನದಂಡ, ಅಂದರೆ ಘಟಕ ತಾನಾಗಿಯೇ ಒಪ್ಪಿ ಪಾಲಿಸುವ ನಿಯಮಗಳು, ಆರಂಭವಾಗುವುದು ಇವೆಲ್ಲ ಸರಿಯಿದ್ದ ಮೇಲೆ. ಹಾಗೆಂದು ಇದು ಬರಿಯ ಅಲಂಕಾರವೂ ಅಲ್ಲ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ 2000ದಲ್ಲಿ ಆರಂಭವಾದ ಕೋಕಾ-ಕೋಲಾ ಘಟಕ, ಸುತ್ತಲಿನ ಬಾವಿಗಳು ಬತ್ತಿದವು ಮತ್ತು ನೀರು ಕೆಟ್ಟಿತು ಎಂಬ ಜನರ ಪ್ರತಿಭಟನೆಯ ನಡುವೆ, ಪೆರುಮಾಟ್ಟಿ ಗ್ರಾಮ ಪಂಚಾಯಿತಿ ಪರವಾನಗಿ ನವೀಕರಿಸಲು ನಿರಾಕರಿಸಿದ ಬಳಿಕ 2004ರಲ್ಲಿ ಉತ್ಪಾದನೆ ನಿಲ್ಲಿಸಿತು. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ನೀರಿನ ವಿಷಯದಲ್ಲಿ ಒಂದು ಘಟಕದ ಭವಿಷ್ಯ ಅದರ ಕಾಂಪೌಂಡಿನ ಒಳಗಷ್ಟೇ ನಿರ್ಧಾರವಾಗುವುದಿಲ್ಲ ಎಂಬುದೇ ಈ ಮಾನದಂಡಗಳ ಹಿಂದಿರುವ ತಿಳಿವಳಿಕೆ. ಮುಂದೆ ಹೇಳುವ ಪ್ರತಿ ಹಂತವೂ ಇದರ ಮೇಲೆಯೇ ನಿಂತಿದೆ.

ಯಾವ ಮಾನದಂಡ ಯಾರಿಗೆ?

ನೀರಿನ ಹೆಸರಿನಲ್ಲಿ ಹಲವು ಮಾನದಂಡಗಳಿವೆ, ಆದರೆ ಅವು ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು. ಐಎಸ್‌ಒ 46001, 2019ರಲ್ಲಿ ಪ್ರಕಟವಾದದ್ದು, ನೀರಿನ ದಕ್ಷ ಬಳಕೆಯ ನಿರ್ವಹಣಾ ವ್ಯವಸ್ಥೆಗೆ ಸಂಬಂಧಿಸಿದ್ದು. ಅದರ ದೃಷ್ಟಿ ಬಹುಪಾಲು ಘಟಕದ ಒಳಗಿನ ಬಳಕೆಯ ಮೇಲಿದೆ. 2014ರ ಐಎಸ್‌ಒ 14046 ಒಂದು ಉತ್ಪನ್ನದ ಅಥವಾ ಸಂಸ್ಥೆಯ ಜಲ ಹೆಜ್ಜೆಗುರುತನ್ನು, ಅಂದರೆ ಅದರ ಇಡೀ ಜೀವಿತಾವಧಿಯಲ್ಲಿ ನೀರಿನ ಮೇಲಾಗುವ ಪರಿಣಾಮವನ್ನು, ಲೆಕ್ಕಹಾಕುವ ವಿಧಾನ; ಅದು ನಿರ್ವಹಣೆಯ ಪ್ರಮಾಣಪತ್ರವಲ್ಲ. ಕಟ್ಟಡಗಳಿಗೆ ಗೃಹ, ಐಜಿಬಿಸಿ, ಲೀಡ್ ಎಂಬ ಹಸಿರು ಕಟ್ಟಡ ರೇಟಿಂಗ್‌ಗಳಲ್ಲಿ ನೀರಿಗೆ ಅಂಕಗಳಿವೆ. ಜವಳಿಯಲ್ಲಿ ಝಡ್‌ಡಿಎಚ್‌ಸಿ ಎಂಬ ಒಕ್ಕೂಟದ ತ್ಯಾಜ್ಯನೀರಿನ ಮಾರ್ಗಸೂಚಿ ಅಪಾಯಕಾರಿ ರಾಸಾಯನಿಕಗಳನ್ನು ಗುರಿಯಾಗಿಸುತ್ತದೆ. ಕೃಷಿಗೆ ಗ್ಲೋಬಲ್ ಗ್ಯಾಪ್‌ನ ಸ್ಪ್ರಿಂಗ್ ಎಂಬ ಸೇರ್ಪಡೆ ನೀರಾವರಿ ಮತ್ತು ಅಂತರ್ಜಲ ಬಳಕೆಯನ್ನು ನೋಡುತ್ತದೆ. ಕಾಫಿಯಲ್ಲಿ ರೈನ್‌ಫಾರೆಸ್ಟ್ ಅಲಯನ್ಸ್, ಹತ್ತಿಯಲ್ಲಿ ಬೆಟರ್ ಕಾಟನ್ ತಮ್ಮ ನಿಯಮಗಳಲ್ಲಿ ನೀರನ್ನೂ ಸೇರಿಸಿಕೊಂಡಿವೆ.

ಕಾರ್ಖಾನೆ, ಹೋಟೆಲು, ಆಸ್ಪತ್ರೆ, ತೋಟ ಎಂಬ ಭೇದವಿಲ್ಲದೆ ಯಾವ ಕ್ಷೇತ್ರಕ್ಕೂ ಅನ್ವಯಿಸುವಂತೆ ರೂಪಿಸಿರುವುದು ಅಲಯನ್ಸ್ ಫಾರ್ ವಾಟರ್ ಸ್ಟೀವರ್ಡ್‌ಷಿಪ್ ಎಂಬ ಸಂಸ್ಥೆಯ ಮಾನದಂಡ. ಚಿಕ್ಕದಾಗಿ ಇದನ್ನು ಎಡಬ್ಲ್ಯೂಎಸ್ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಮುಖ್ಯ ಕಚೇರಿ ಇರುವ ಈ ಸಂಸ್ಥೆ ಮೊದಲ ಆವೃತ್ತಿಯನ್ನು 2014ರಲ್ಲಿ, ಎರಡನೆಯದನ್ನು 2019ರಲ್ಲಿ ಹೊರತಂದಿತು. ಕೊಳ್ಳುವ ಕಂಪನಿಗಳು "ನೀರಿನ ಸರ್ಟಿಫಿಕೇಟ್" ಎಂದಾಗ ಹೆಚ್ಚಾಗಿ ಕೇಳುತ್ತಿರುವುದು ಇದನ್ನೇ. ಆದರೂ ಅಂದಾಜಿನ ಮೇಲೆ ಹೋಗದೆ, ಯಾವ ಮಾನದಂಡ ಬೇಕೆಂದು ಅವರಿಂದ ಬರಹದಲ್ಲಿ ಪಡೆದುಕೊಳ್ಳಿ. ಈ ಮಾರ್ಗದರ್ಶಿ ಮುಂದೆ ಎಡಬ್ಲ್ಯೂಎಸ್‌ನ ದಾರಿಯನ್ನೇ ಹಿಡಿಯುತ್ತದೆ. ಮಾನದಂಡದ ಪಠ್ಯ ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಇಂಥ ಮಾನದಂಡಗಳು ಪರಿಷ್ಕರಣೆಗೊಳ್ಳುತ್ತಲೇ ಇರುವುದರಿಂದ, ಯಾವ ಆವೃತ್ತಿ ಜಾರಿಯಲ್ಲಿದೆ ಎಂಬುದನ್ನು ಕೆಲಸಕ್ಕಿಳಿಯುವ ದಿನವೇ ಅಲ್ಲಿ ನೋಡಿಕೊಳ್ಳಿ. ಸಲಹೆಗಾರರು ಕೊಡುವ ಹಳೆಯ ಚೆಕ್‌ಲಿಸ್ಟನ್ನು ನಂಬಿ ಕುಳಿತುಕೊಳ್ಳಬೇಡಿ.

ಈ ಮಾನದಂಡ ಐದು ಫಲಿತಾಂಶಗಳನ್ನು ಬಯಸುತ್ತದೆ: ನೀರಿನ ಉತ್ತಮ ಆಡಳಿತ, ಸುಸ್ಥಿರ ಜಲ ಸಮತೋಲನ, ನೀರಿನ ಉತ್ತಮ ಗುಣಮಟ್ಟ, ನೀರಿಗೆ ಸಂಬಂಧಿಸಿದ ಮಹತ್ವದ ತಾಣಗಳ ಆರೋಗ್ಯ, ಮತ್ತು ಎಲ್ಲರಿಗೂ ಸುರಕ್ಷಿತ ಕುಡಿಯುವ ನೀರು, ಶೌಚಾಲಯ ಹಾಗೂ ನೈರ್ಮಲ್ಯ. ನೀರು ಉಳಿತಾಯ ಇವುಗಳಲ್ಲಿ ಒಂದರ ಒಂದು ಭಾಗ ಮಾತ್ರ ಎಂಬುದನ್ನು ಗಮನಿಸಿ. ಎಸ್‌ಟಿಪಿ ಹಾಕಿಸಿದ್ದೇವೆ, ಇನ್ನೇನು ಬಾಕಿ ಎನ್ನುವವರಿಗೆ ಉತ್ತರ ಇಲ್ಲಿದೆ.

ಆರಂಭಕ್ಕೆ ಬೇಕಾದವು

ಮಾಲೀಕರ ಅಥವಾ ಆಡಳಿತ ಮಂಡಳಿಯ ಸಹಿಯುಳ್ಳ ಬದ್ಧತಾ ಪತ್ರ, ಈ ಕೆಲಸಕ್ಕೆ ಹೆಸರಿಸಿದ ಒಬ್ಬ ಹೊಣೆಗಾರ, ಕಳೆದ ಕನಿಷ್ಠ ಹನ್ನೆರಡು ತಿಂಗಳ ನೀರಿನ ಬಿಲ್ಲು ಮತ್ತು ಟ್ಯಾಂಕರ್ ರಸೀದಿಗಳು, ಪ್ರತಿ ಕೊಳವೆಬಾವಿಯ ಆಳ ಮತ್ತು ಕೊರೆದ ವರ್ಷ, ಮಾಲಿನ್ಯ ಮಂಡಳಿಯ ಸಮ್ಮತಿ ಪತ್ರ, ಪ್ರಯೋಗಾಲಯದ ವರದಿಗಳು, ಘಟಕದ ಪೈಪ್‌ಲೈನ್ ನಕ್ಷೆ. ಕೊನೆಯದು ಹಲವು ಕಡೆ ಇರುವುದೇ ಇಲ್ಲ, ಇದ್ದರೂ ಕಟ್ಟಡ ಕಟ್ಟಿದ ಕಾಲದ್ದಾಗಿರುತ್ತದೆ. ಹೊಸದನ್ನು ಬರೆಸಿ, ಘಟಕದಲ್ಲಿ ಬಹುಕಾಲದಿಂದ ಇರುವ ಪ್ಲಂಬರ್ ಜೊತೆಗಿರಲಿ, ಮುಚ್ಚಿಹೋದ ಲೈನುಗಳು ಯಾವ ನಕ್ಷೆಗಿಂತಲೂ ಅವರಿಗೆ ಚೆನ್ನಾಗಿ ಗೊತ್ತಿರುತ್ತವೆ.

ಹಂತ 1: ನಿಮ್ಮ ಜಲಾನಯನವನ್ನು ಗುರುತಿಸಿ

ಜಲಾನಯನ ಎಂದರೆ ಬಿದ್ದ ಮಳೆ ಇಳಿಜಾರು ಹಿಡಿದು ಒಂದೇ ಹಳ್ಳ, ಕೆರೆ ಅಥವಾ ನದಿಗೆ ಸೇರುವ ಭೂಭಾಗ. ನೀರು ನಿಮಗೆ ಬರುವ ಜಲಾನಯನ ಮತ್ತು ನೀವು ಬಿಟ್ಟ ನೀರು ಹೋಗುವ ಜಲಾನಯನ, ಎರಡನ್ನೂ ಗುರುತಿಸಬೇಕು ಎಂಬುದು ಮಾನದಂಡದ ಅಪೇಕ್ಷೆ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ ಎಂಬುದಕ್ಕೆ ಬೆಂಗಳೂರಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ನಗರ ನಿಂತಿರುವುದು ಒಂದು ದಿಬ್ಬದ ಮೇಲೆ. ಪಶ್ಚಿಮದ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯನ್ನು, ಅದರ ಮೂಲಕ ಕಾವೇರಿಯನ್ನು ಸೇರಿದರೆ, ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯ ಮೂಲಕ ತಮಿಳುನಾಡಿಗೆ ಹೋಗುತ್ತದೆ. ವೈಟ್‌ಫೀಲ್ಡಿನ ಒಂದು ಹೋಟೆಲು ಜಲಮಂಡಳಿಯ ನಲ್ಲಿ ನೀರು ಬಳಸುತ್ತಿದ್ದರೆ, ಆ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬಂದ ಕಾವೇರಿ. ಆ ಹೋಟೆಲು ಬಿಡುವ ನೀರು ಸೇರುವುದು ಮಾತ್ರ ಕಾವೇರಿಯನ್ನಲ್ಲ, ದಕ್ಷಿಣ ಪಿನಾಕಿನಿಯನ್ನು. ಅದೇ ಹೋಟೆಲು ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಮೂರನೆಯ ಮೂಲವೊಂದು ಸೇರಿಕೊಳ್ಳುತ್ತದೆ: ಹೊರವಲಯದ ಯಾವುದೋ ಹಳ್ಳಿಯ ಕೊಳವೆಬಾವಿ.

ಕೋಲಾರ ಜಿಲ್ಲೆಯ ಘಟಕಗಳಿಗೆ ಲೆಕ್ಕ ಮತ್ತೊಂದು ಬಗೆ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ 2018ರಿಂದ ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಆಸುಪಾಸಿನಲ್ಲಿ ನಿಮ್ಮ ಕೊಳವೆಬಾವಿ ಇದ್ದರೆ, ಬೆಂಗಳೂರಿನ ಸಂಸ್ಕರಣಾ ಘಟಕದ ಗುಣಮಟ್ಟವೂ ನಿಮ್ಮ ಅಧ್ಯಯನದ ವಿಷಯವಾಗುತ್ತದೆ.

ಮಾಡಬೇಕಾದದ್ದು: ಭೂಗೋಳ ನಕ್ಷೆಯ ಮೇಲೆ ಘಟಕವನ್ನು ಗುರುತಿಸಿ, ಎಲ್ಲ ಮೂಲಗಳನ್ನೂ ಬಿಡುವ ಸ್ಥಳಗಳನ್ನೂ ಗುರುತಿಸಿ, ಮೇಲಿನ ಮತ್ತು ಕೆಳಗಿನ ಕೆರೆಗಳ ಹೆಸರು ಬರೆದುಕೊಳ್ಳಿ. ಕೇಂದ್ರ ಅಂತರ್ಜಲ ಮಂಡಳಿ ಪ್ರಕಟಿಸುವ ಮೌಲ್ಯಮಾಪನದಲ್ಲಿ ನಿಮ್ಮ ತಾಲ್ಲೂಕು ಯಾವ ವರ್ಗದಲ್ಲಿದೆ ನೋಡಿ. ವರ್ಷಕ್ಕೆ ಬಳಕೆಗೆ ದೊರೆಯುವ ಅಂತರ್ಜಲದಲ್ಲಿ ಶೇ 70ರವರೆಗೆ ಎತ್ತುತ್ತಿದ್ದರೆ ಸುರಕ್ಷಿತ, 70ರಿಂದ 90 ಅರೆ ವಿಷಮ, 90ರಿಂದ 100 ವಿಷಮ, 100 ಮೀರಿದರೆ ಅತಿಬಳಕೆ ಎಂಬುದು ಅಲ್ಲಿನ ವರ್ಗೀಕರಣ. ಅಟಲ್ ಭೂಜಲ ಯೋಜನೆಗೆ ಒಳಪಟ್ಟ ಗ್ರಾಮ ಪಂಚಾಯಿತಿಗಳಲ್ಲಿ ಜಲ ಭದ್ರತಾ ಯೋಜನೆ ಎಂಬ ದಾಖಲೆ ಸಿದ್ಧವಾಗಿರುತ್ತದೆ. ಅದು ಊರಿನ ನೀರಿನ ಆಯವ್ಯಯ ಪತ್ರವಿದ್ದಂತೆ, ಕೇಳಿ ಪಡೆಯಿರಿ.

ಎಚ್ಚರ: ಅಕ್ವಿಡಕ್ಟ್, ವಾಟರ್ ರಿಸ್ಕ್ ಫಿಲ್ಟರ್ ಎಂಬ ಉಚಿತ ಅಂತರ್ಜಾಲ ಸಾಧನಗಳಲ್ಲಿ ಘಟಕದ ಸ್ಥಳ ಒತ್ತಿದರೆ ಅಪಾಯದ ಬಣ್ಣ ತೋರಿಸುತ್ತವೆ. ಅವು ಹಲವು ಊರುಗಳ ಘಟಕಗಳನ್ನು ಹೋಲಿಸಲು ಉಪಯುಕ್ತ. ಒಂದೇ ಘಟಕದ ಜಲಾನಯನ ಅಧ್ಯಯನವೆಂದು ಆ ಚಿತ್ರವನ್ನು ಅಂಟಿಸಿದರೆ, ಪ್ರಮಾಣಪತ್ರಕ್ಕಾಗಿ ಘಟಕವನ್ನು ಪರಿಶೀಲಿಸಲು ಬರುವ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನಿಂತಿರುವ ನಮ್ಮ ಬಯಲುಸೀಮೆಯ ಅಂತರ್ಜಲ ನೂರಿನ್ನೂರು ಮೀಟರ್ ಅಂತರದಲ್ಲೇ ಬದಲಾಗುವಂಥದ್ದು.

ಹಂತ 2: ನೀರಿನ ಲೆಕ್ಕ ಬರೆಯಿರಿ

ಹೆಚ್ಚಿನ ಘಟಕಗಳು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಲ ಸಮತೋಲನ ಪಟ್ಟಿ ಎಂದರೆ ಒಳಬಂದ ನೀರು, ಹೊರಹೋದ ನೀರು ಮತ್ತು ಸಂಗ್ರಹದಲ್ಲಿ ಆದ ವ್ಯತ್ಯಾಸ ಇವುಗಳ ತಾಳೆ. ಅಳತೆಯ ಘಟಕ ಕೆಎಲ್‌ಡಿ, ಅಂದರೆ ದಿನಕ್ಕೆ ಇಷ್ಟು ಸಾವಿರ ಲೀಟರ್.

ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳಿ. ಕೊಳವೆಬಾವಿಯಿಂದ 90, ನಲ್ಲಿಯಿಂದ 60, ಟ್ಯಾಂಕರಿನಿಂದ 30, ಒಟ್ಟು 180 ಕೆಎಲ್‌ಡಿ ಒಳಬರುತ್ತದೆ. ಚರಂಡಿಗೆ 70, ತೋಟಕ್ಕೆ 25, ಕೂಲಿಂಗ್ ಟವರ್ ಮತ್ತು ಬಾಯ್ಲರಿನಿಂದ ಆವಿಯಾಗಿ 40, ಉತ್ಪನ್ನದಲ್ಲಿ ಸೇರಿ 15, ಒಟ್ಟು 150 ಹೊರಹೋಗುತ್ತದೆ. ಉಳಿದ 30ಕ್ಕೆ, ಅಂದರೆ ಸುಮಾರು ಆರನೆಯ ಒಂದು ಪಾಲಿಗೆ, ಲೆಕ್ಕವಿಲ್ಲ. ಅದು ಸಂಪಿನ ಉಕ್ಕು ಇರಬಹುದು, ನೆಲದೊಳಗಿನ ಸೋರಿಕೆ ಇರಬಹುದು, ಮೀಟರಿನ ತಪ್ಪೇ ಇರಬಹುದು. ಈ ಅಂಕಿಯನ್ನು ಮುಚ್ಚಿಡಬೇಡಿ, ತಾಳೆಯಾಗಲೆಂದು ಆವಿಯ ಖಾತೆಗೆ ಸೇರಿಸಲೂಬೇಡಿ. ಮೊದಲ ವರ್ಷದ ಪಟ್ಟಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಳೆಯಾದರೆ ಅನುಭವಿ ಲೆಕ್ಕಪರಿಶೋಧಕರಿಗೆ ಅನುಮಾನ ಬರುವುದೇ ಹೆಚ್ಚು.

ಮೀಟರ್ ವಿಷಯದಲ್ಲಿ ಮೂರು ಮಾತು. ಪ್ರತಿ ಮೂಲಕ್ಕೂ ಬೇರೆ ಮೀಟರ್ ಇರಬೇಕು, ಅವುಗಳ ನಿಖರತೆಯನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿದ ದಾಖಲೆ ಇರಬೇಕು, ದಿನವೂ ಒಂದೇ ಸಮಯಕ್ಕೆ ಓದಿ ಬರೆಯಬೇಕು. ಪಂಪ್ ಓಡಿದ ಗಂಟೆಗಳನ್ನು ಪಂಪಿನ ಸಾಮರ್ಥ್ಯದಿಂದ ಗುಣಿಸಿ ಕೊಳವೆಬಾವಿಯ ನೀರನ್ನು ಅಂದಾಜಿಸುವ ರೂಢಿ ಬಹಳ ಕಡೆ ಇದೆ, ಇದು ನಂಬಲರ್ಹವಲ್ಲ. ನೀರಿನ ಮಟ್ಟ ಕೆಳಗಿಳಿದಂತೆ ಅದೇ ಪಂಪು ಅದೇ ಒಂದು ಗಂಟೆಯಲ್ಲಿ ಕಡಿಮೆ ನೀರು ಎತ್ತುತ್ತದೆ, ಆದ್ದರಿಂದ ಏಪ್ರಿಲ್ ತಿಂಗಳಿಗೂ ನವೆಂಬರ್ ತಿಂಗಳಿಗೂ ಒಂದೇ ಸೂತ್ರ ಹೊಂದುವುದಿಲ್ಲ. ಮೀಟರಿನ ಜೊತೆಗೆ ಕೊಳವೆಬಾವಿಯ ಸ್ಥಿರ ಜಲಮಟ್ಟವನ್ನೂ, ಅಂದರೆ ಪಂಪ್ ಓಡದೆ ಇದ್ದಾಗ ನೀರು ನಿಂತಿರುವ ಆಳವನ್ನೂ, ತಿಂಗಳಿಗೊಮ್ಮೆ ಬೆಳಗ್ಗೆ ಪಂಪ್ ಹಾಕುವ ಮುನ್ನ ಅಳೆದು ಬರೆಯಿರಿ.

ಎಚ್ಚರ: ಎಸ್‌ಟಿಪಿಯಿಂದ ಮರುಬಳಕೆಯಾದ ನೀರನ್ನು ಒಳಬಂದ ನೀರಿನ ಪಟ್ಟಿಗೆ ಸೇರಿಸಬೇಡಿ. ಅದು ಒಳಗಡೆಯೇ ಸುತ್ತುವ ನೀರು. ಸೇರಿಸಿದರೆ ಒಂದೇ ಲೀಟರನ್ನು ಎರಡು ಸಲ ಎಣಿಸಿದಂತಾಗುತ್ತದೆ. ಅದನ್ನು ಬೇರೆ ಸಾಲಿನಲ್ಲಿ ತೋರಿಸಿ.

ಮಳೆನೀರಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಮಾಡಿ. 5,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 970 ಮಿಲಿಮೀಟರ್ ಮಳೆ, ಅಂದರೆ ಹೆಚ್ಚೂಕಡಿಮೆ ಬೆಂಗಳೂರಿನ ಸರಾಸರಿಯಷ್ಟು, ಬಿದ್ದು ಅದರಲ್ಲಿ ಶೇ 80ರಷ್ಟು ಸಿಕ್ಕಿತೆಂದು ಹಿಡಿದರೂ ದೊರೆಯುವುದು 38.8 ಲಕ್ಷ ಲೀಟರ್. ಕೇಳಲು ದೊಡ್ಡ ಅಂಕಿ. ಮೇಲಿನ ಘಟಕ ದಿನಕ್ಕೆ 1.8 ಲಕ್ಷ ಲೀಟರ್ ಬಳಸುವುದರಿಂದ, ಇಡೀ ವರ್ಷದ ಮಳೆ ಅದಕ್ಕೆ ಮೂರು ವಾರಕ್ಕೆ ಸಾಕಾಗುತ್ತದೆ ಅಷ್ಟೆ. ಇಷ್ಟರ ಬಲದ ಮೇಲೆ "ನಾವು ಬಳಸಿದಷ್ಟೂ ನೀರನ್ನು ಭೂಮಿಗೆ ಮರಳಿಸುತ್ತೇವೆ" ಎಂದು ಗೇಟಿನ ಮುಂದೆ ಫಲಕ ಹಾಕಿಸುವವರಿದ್ದಾರೆ. ಮಾನದಂಡದ ಮುಂದೆ ಇಂಥ ಫಲಕ ನಿಲ್ಲುವುದಿಲ್ಲ.

ಹಂತ 3: ಗುಣಮಟ್ಟ ಮತ್ತು ಕೆಲಸಗಾರರ ನೀರು

ಒಳಬರುವ, ಬಳಸುವ ಮತ್ತು ಬಿಡುವ ನೀರನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಬಿಡುವ ನೀರಿನಲ್ಲಿ ಬಿಒಡಿ ಮುಖ್ಯ. ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬುದರ ಅಳತೆ ಅದು. ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕಾಫಿ ಹಣ್ಣನ್ನು ಪಲ್ಪ್ ಮಾಡುವ, ಅಂದರೆ ಸಿಪ್ಪೆ ತಿರುಳು ತೆಗೆಯುವ, ತೋಟಗಳಿಗೆ ಇದೇ ದೊಡ್ಡ ಪ್ರಶ್ನೆ, ಏಕೆಂದರೆ ಪಲ್ಪಿಂಗ್ ನೀರಿನ ಬಿಒಡಿ ಬಹಳ ಹೆಚ್ಚು ಮತ್ತು ಕೊಯ್ಲಿನ ಕಾಲ ಹಳ್ಳಗಳಲ್ಲಿ ಹರಿವು ಇಳಿಮುಖವಾಗಿರುವ ಕಾಲವೇ ಆಗಿದೆ. ಗಾರ್ಮೆಂಟ್ ವಾಷಿಂಗ್ ಘಟಕಗಳು ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ಲವಣ ತುಂಬಿದ ರಿಜೆಕ್ಟ್ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪೈಪು ಹಿಡಿದು ನೋಡಿಕೊಂಡು ಬರಬೇಕು.

ಎಚ್ಚರ: ಇಂಗುಗುಂಡಿಗೆ ಚಾವಣಿಯ ನೀರು ಮಾತ್ರ ಹೋಗಲಿ. ಡೀಸೆಲ್ ಜನರೇಟರ್, ರಾಸಾಯನಿಕಗಳ ಡ್ರಮ್ಮು, ಲಾರಿ ನಿಲ್ಲುವ ಜಾಗ ಇವುಗಳ ಮೇಲೆ ಹರಿದ ನೀರನ್ನು ಗುಂಡಿಗೆ ಬಿಟ್ಟರೆ, ಬಂಡೆಯ ಬಿರುಕಿನ ಮೂಲಕ ಅದು ಹೆಚ್ಚು ಸೋಸಿಕೊಳ್ಳದೆಯೇ ಪಕ್ಕದ ಊರಿನ ಕೊಳವೆಬಾವಿಯನ್ನು ಸೇರಬಹುದು.

ಕುಡಿಯುವ ನೀರು ಐಎಸ್ 10500 ಎಂಬ ಭಾರತೀಯ ಮಾನಕಕ್ಕೆ ತಕ್ಕಂತಿರಬೇಕು. ಕಚೇರಿ ಸಿಬ್ಬಂದಿಯ ಮಹಡಿಯಲ್ಲಿ ಎಲ್ಲವೂ ಸರಿಯಿರುತ್ತದೆ. ಗುತ್ತಿಗೆ ಕಾರ್ಮಿಕರು, ಲೋಡಿಂಗ್ ಕೆಲಸದವರು, ರಾತ್ರಿಪಾಳಿಯ ಭದ್ರತಾ ಸಿಬ್ಬಂದಿ, ಲೈನ್‌ಮನೆಗಳಲ್ಲಿ ಇರುವ ತೋಟದ ಕೆಲಸಗಾರರು ಯಾವ ನೀರು ಕುಡಿಯುತ್ತಾರೆ, ಮಹಿಳೆಯರಿಗೆ ಶೌಚಾಲಯ ಎಷ್ಟು ದೂರ ಎಂಬುದನ್ನು ನೋಡಿ. ಲೆಕ್ಕಪರಿಶೋಧಕರು ನೇರವಾಗಿ ಅವರನ್ನೇ ಮಾತಾಡಿಸುತ್ತಾರೆ.

ಹಂತ 4: ಗೇಟಿನ ಹೊರಗೆ ಹೋಗಿ ಕೇಳಿ

ಸಂಬಂಧಪಟ್ಟವರು ಎಂದರೆ ಅದೇ ನೀರನ್ನು ಹಂಚಿಕೊಳ್ಳುವವರು ಮತ್ತು ಅದರ ಆಡಳಿತ ನಡೆಸುವವರು. ಗ್ರಾಮ ಪಂಚಾಯಿತಿ, ಕೆಳಗಿನ ಕೆರೆಯ ಅಚ್ಚುಕಟ್ಟಿನ ರೈತರು, ಮೀನು ಹಿಡಿಯುವ ಗುತ್ತಿಗೆದಾರರು, ಅಗಸರು, ದನ ಕುರಿ ಮೇಯಿಸುವವರು, ಪಕ್ಕದ ಕಾರ್ಖಾನೆಗಳು, ಶಾಲೆ, ಸಣ್ಣ ನೀರಾವರಿ ಇಲಾಖೆ, ಮಾಲಿನ್ಯ ಮಂಡಳಿಯ ಪ್ರಾದೇಶಿಕ ಕಚೇರಿ. ಕೋಲಾರ, ತುಮಕೂರು ಕಡೆಯ ಹಳ್ಳಿಗಳಲ್ಲಿ ಕೆರೆಯ ನೀರು ಹಂಚುವ ನೀರುಗಂಟಿಯ ಮನೆತನದವರು ಇನ್ನೂ ಇದ್ದರೆ ಅವರನ್ನು ಬಿಡಬೇಡಿ. ಕೆರೆ ಕೊನೆಯ ಬಾರಿ ಕೋಡಿ ಬಿದ್ದದ್ದು ಯಾವಾಗ, ತೂಬು ಕೆಟ್ಟದ್ದು ಯಾವಾಗ, ರಾಜಕಾಲುವೆ ಎಲ್ಲಿ ಒತ್ತುವರಿಯಾಯಿತು ಎಂಬುದು ಯಾವ ಇಲಾಖೆಯ ಕಡತಕ್ಕಿಂತ ಅವರ ನೆನಪಿನಲ್ಲಿ ಸ್ಪಷ್ಟವಾಗಿರುತ್ತದೆ.

ಕೇಳಬೇಕಾದದ್ದು ನಿಮ್ಮ ಬಗ್ಗೆ ಅಲ್ಲ, ನೀರಿನ ಬಗ್ಗೆ. ಅವರ ಬಾವಿಗಳು ಹೇಗಿವೆ, ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಫ್ಲೋರೈಡ್ ದೂರು ಇದೆಯೇ, ಕೆರೆ ನೀರಿನ ಬಣ್ಣ ಬದಲಾಯಿತೇ ಎಂದು ಕೇಳಿ. ಹೇಳಿದವರ ಮಾತನ್ನು ದಿನಾಂಕ ಸಮೇತ ದಾಖಲಿಸಿ, ನಿಮ್ಮ ಘಟಕದ ಮೇಲಿನ ದೂರುಗಳನ್ನೂ ಹಾಗೆಯೇ ಬರೆದುಕೊಳ್ಳಿ.

ಎಚ್ಚರ: ಅಧ್ಯಕ್ಷರಿಗೆ ಶಾಲು ಹೊದಿಸಿ ತೆಗೆಸಿದ ಫೋಟೊ ಸಮಾಲೋಚನೆಯ ದಾಖಲೆಯಾಗುವುದಿಲ್ಲ. ಹಾಗೆಯೇ, ಮೊದಲ ಭೇಟಿಯಲ್ಲೇ ಕೆರೆ ಹೂಳೆತ್ತಿಸುವ, ಆರ್‌ಒ ಘಟಕ ಹಾಕಿಸುವ ಭರವಸೆ ಕೊಟ್ಟರೆ ಆಮೇಲೆ ಸಮಸ್ಯೆಯ ಮಾತು ನಿಂತು ಬೇಡಿಕೆಯ ಪಟ್ಟಿ ಮಾತ್ರ ಬರುತ್ತದೆ. ಮೊದಲ ಸುತ್ತು ಕೇಳುವುದಕ್ಕಷ್ಟೇ ಇರಲಿ.

ಹಂತ 5: ಗುರಿ ಮತ್ತು ಯೋಜನೆ

ಹಂತ 2 ಮತ್ತು 3ರಲ್ಲಿ ಕಂಡ ಘಟಕದ ಸಮಸ್ಯೆಗಳನ್ನೂ ಹಂತ 1 ಮತ್ತು 4ರಲ್ಲಿ ಕಂಡ ಜಲಾನಯನದ ಸಮಸ್ಯೆಗಳನ್ನೂ ಅಕ್ಕಪಕ್ಕ ಬರೆಯಿರಿ. ಎರಡೂ ಕಡೆ ಬರುವ ಸಮಸ್ಯೆಗಳನ್ನು ಮಾನದಂಡ ಹಂಚಿಕೊಂಡ ಸವಾಲುಗಳು ಎನ್ನುತ್ತದೆ. ಹಣ ಮತ್ತು ಸಮಯ ಮೊದಲು ಅಲ್ಲಿಗೆ ಹೋಗಬೇಕು. ಯೋಜನೆಯ ಪ್ರತಿ ಸಾಲಿನಲ್ಲೂ ಏನು, ಎಷ್ಟು, ಯಾವಾಗ, ಯಾರ ಹೊಣೆ, ಎಷ್ಟು ಖರ್ಚು ಎಂಬುದಿರಲಿ.

ಗುರಿಯನ್ನು ಅಳೆಯುವಾಗ ಒಂದು ಬಲೆಯಿದೆ. ಒಂದು ಉಡುಪಿಗೆ ಇಷ್ಟು ಲೀಟರ್, ಅತಿಥಿ ತಂಗಿದ ಒಂದು ಕೊಠಡಿಗೆ ಇಷ್ಟು ಲೀಟರ್ ಎಂಬ ಪ್ರಮಾಣ ಇಳಿದರೆ ಸಾಲದು. ಪ್ರತಿ ಉಡುಪಿನ ನೀರು ಶೇ 20 ಇಳಿದು, ಉತ್ಪಾದನೆ ಶೇ 40 ಏರಿದರೆ, ಒಟ್ಟು ನೀರಿನ ಬಳಕೆ ಶೇ 12 ಹೆಚ್ಚಾಗಿರುತ್ತದೆ. ಜಲಾನಯನಕ್ಕೆ ಗೊತ್ತಾಗುವುದು ಈ ಒಟ್ಟು ಅಂಕಿ. ಅತಿಬಳಕೆಯ ತಾಲ್ಲೂಕಿನಲ್ಲಿರುವ ಘಟಕ ಒಟ್ಟು ಅಂತರ್ಜಲ ಎತ್ತುವಿಕೆಗೇ ಗುರಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳಿಗೆ ಸರಕು ಕೊಡುವವರು ಎರಡೂ ಅಂಕಿಗಳನ್ನು ಸಿದ್ಧವಾಗಿಟ್ಟುಕೊಂಡಿರುವುದು ಒಳ್ಳೆಯದು, ಏಕೆಂದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಅಗ್ರ 1,000 ಕಂಪನಿಗಳಿಗೆ ಕಡ್ಡಾಯಗೊಳಿಸಿರುವ ಬಿಆರ್‌ಎಸ್‌ಆರ್ ಎಂಬ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ ನೀರಿನ ಅಂಕಿಗಳಿಗೂ ಜಾಗವಿದೆ.

ಹಂತ 6: ಜಾರಿ, ವಿಶೇಷವಾಗಿ ಕೆರೆ ಕೆಲಸ

ಒಳಗಿನ ಕೆಲಸಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಸೋರಿಕೆ ನಿಲ್ಲಿಸುವುದು, ಸಂಪಿಗೆ ಫ್ಲೋಟ್ ವಾಲ್ವ್, ತೊಳೆಯುವ ಕೊನೆಯ ನೀರನ್ನು ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ಬಳಸುವುದು, ಕೂಲಿಂಗ್ ಟವರಿಗೆ ಸಂಸ್ಕರಿತ ನೀರು. ಇವುಗಳನ್ನು ನಿಮ್ಮ ಎಂಜಿನಿಯರು ಬಲ್ಲರು.

ಹೊರಗಿನ ಕೆಲಸ ಎಂದ ಕೂಡಲೇ ಕರ್ನಾಟಕದಲ್ಲಿ ಎಲ್ಲರ ಕಣ್ಣು ಹೋಗುವುದು ಕೆರೆಯ ಮೇಲೆ. ಅದು ಸಹಜ, ಮಾನದಂಡ ಹೇಳುವ ನೀರಿನ ಮಹತ್ವದ ತಾಣಗಳು ನಮ್ಮಲ್ಲಿ ಕೆರೆ, ಕಲ್ಯಾಣಿ, ಗೋಕಟ್ಟೆ, ಕೊಡಗಿನಲ್ಲಾದರೆ ಹಳ್ಳದ ಬದಿಯ ದೇವರಕಾಡು. ಆದರೆ ಕೆರೆಯನ್ನು ಮುಟ್ಟುವ ಮೊದಲು ಅದು ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯಿರಿ. ಸ್ಥೂಲವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವವು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೂ ಸೇರುತ್ತವೆ. ನಗರದೊಳಗಿನ ಕೆರೆಗಳು ಪಾಲಿಕೆಯ ಬಳಿ ಇರಬಹುದು. ಲಿಖಿತ ಅನುಮತಿ ಇಲ್ಲದೆ ಜೆಸಿಬಿ ಇಳಿಸಬೇಡಿ, ಪಂಚಾಯಿತಿಯವರು ಬಾಯಿಮಾತಿನಲ್ಲಿ ಎಷ್ಟೇ ಒಪ್ಪಿದರೂ.

ಕೆರೆ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಮೇಲಿನ ಕಾಲುವೆಯನ್ನು ಬಿಟ್ಟು ಕೆರೆಯ ಅಂಗಳವನ್ನು ಮಾತ್ರ ಅಗೆಯುವುದು. ನೀರು ತರುವ ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಆಳ ತೋಡಿದರೂ ಕೆರೆ ತುಂಬದು. ಎರಡನೆಯ ತಪ್ಪು, ಅಂಚಿನ ಜೊಂಡು ಮತ್ತು ತಗ್ಗುದಿಣ್ಣೆಗಳನ್ನು ತೆಗೆದು, ಸುತ್ತ ಏರಿ ಕಟ್ಟಿ, ಕಲ್ಲು ಹಾಸಿ, ನಡಿಗೆಪಥ ಮಾಡುವುದು. ಹಕ್ಕಿಗಳಿಗೂ ಮೀನಿನ ಮರಿಗಳಿಗೂ ಬೇಕಾದ ಆಳವಿಲ್ಲದ ಅಂಚು ಆಗ ಇಲ್ಲವಾಗುತ್ತದೆ, ಸುತ್ತಲಿನಿಂದ ಹರಿದು ಬರುವ ಮಳೆನೀರಿಗೂ ದಾರಿ ಮುಚ್ಚುತ್ತದೆ. ಮೂರನೆಯದು, ಕೊಳಚೆ ಬರುವ ಮೋರಿಯನ್ನು ಹಾಗೇ ಬಿಟ್ಟು ಹೂಳೆತ್ತುವುದು. ನಾಲ್ಕನೆಯದು ಲೆಕ್ಕದ ತಪ್ಪು: ಕೆರೆಯ ಒಟ್ಟು ಸಂಗ್ರಹ ಸಾಮರ್ಥ್ಯವನ್ನೆಲ್ಲ ತಮ್ಮ ಘಟಕ ಮರಳಿಸಿದ ನೀರೆಂದು ಬರೆದುಕೊಳ್ಳುವುದು. ನಿಮ್ಮ ಕೆಲಸದಿಂದ ಹೆಚ್ಚಾದ ಸಂಗ್ರಹವನ್ನು ಮಾತ್ರ, ಅದೂ ನೀರು ನಿಜಕ್ಕೂ ಬಂದ ವರ್ಷದಲ್ಲಿ ಮಾತ್ರ, ಹೇಳಿಕೊಳ್ಳಬಹುದು. ಕೆರೆ ಬೇರೆ ಜಲಾನಯನದಲ್ಲಿದ್ದರೆ ಅದು ಒಳ್ಳೆಯ ಸಮಾಜಸೇವೆ, ಆದರೆ ಈ ಮಾನದಂಡದ ಪುರಾವೆಯಾಗಿ ಹೆಚ್ಚು ತೂಗುವುದಿಲ್ಲ.

ಒಂದು ಘಟಕದಿಂದ ಆಗದ ಕೆಲಸವನ್ನು ಕೈಗಾರಿಕಾ ಪ್ರದೇಶದ ಸಂಘದ ಮೂಲಕ ಒಟ್ಟಾಗಿ ಮಾಡಿ. ಸಾಮೂಹಿಕ ಕೆಲಸಕ್ಕೆ ಈ ಮಾನದಂಡದಲ್ಲಿ ಹೆಚ್ಚು ಬೆಲೆಯಿದೆ.

ಹಂತ 7: ಪರಿಶೀಲನೆ, ಬಹಿರಂಗ, ಪ್ರಮಾಣಪತ್ರ

ವರ್ಷಕ್ಕೊಮ್ಮೆ ಯೋಜನೆಯ ಎದುರು ಸಾಧನೆ ಇಟ್ಟು ನೋಡಿ. ವಿಫಲವಾದದ್ದಕ್ಕೆ ಕಾರಣ ಬರೆಯಿರಿ. ಪ್ರವಾಹ, ಬರ, ಎಸ್‌ಟಿಪಿ ಕೆಟ್ಟದ್ದು ಇಂಥ ಘಟನೆಗಳಿಗೆ ಬೇರೆಯೇ ಟಿಪ್ಪಣಿ ಇರಲಿ. ಬಳಿಕ ಮುಖ್ಯ ಅಂಕಿಗಳನ್ನು ಊರಿನವರಿಗೆ ತಿಳಿಸಿ. ಇಂಗ್ಲಿಷಿನ ಹೊಳಪು ಪುಸ್ತಿಕೆ ಕೊಳ್ಳುವ ಕಂಪನಿಗೆ ಸಾಕು. ಪಂಚಾಯಿತಿಗೆ ಕನ್ನಡದ ಒಂದು ಪುಟ ಬೇಕು, ಅದರಲ್ಲಿ ಎಷ್ಟು ನೀರು ಎತ್ತಿದ್ದೇವೆ ಎಂಬ ಅಂಕಿಯೂ ಇರಬೇಕು.

ಪ್ರಮಾಣಪತ್ರ ಬೇಕಾದರೆ ಎಡಬ್ಲ್ಯೂಎಸ್ ಮಾನ್ಯ ಮಾಡಿದ ಪ್ರಮಾಣೀಕರಣ ಸಂಸ್ಥೆಯನ್ನೇ ಸಂಪರ್ಕಿಸಬೇಕು. ನಿಮಗೆ ಸಲಹೆ ಕೊಟ್ಟವರೇ ಪ್ರಮಾಣಪತ್ರವನ್ನೂ ಕೊಡುತ್ತೇವೆಂದರೆ ಅಲ್ಲಿಗೇ ನಿಲ್ಲಿಸಿ. ಅವೆರಡೂ ಬೇರೆಯವರ ಕೈಯಲ್ಲಿರಬೇಕು. ಲೆಕ್ಕಪರಿಶೋಧನೆಗೆ ಮುನ್ನ ಸಾರ್ವಜನಿಕ ಪ್ರಕಟಣೆ ಹೊರಡುತ್ತದೆ, ಯಾರು ಬೇಕಾದರೂ ನಿಮ್ಮ ಘಟಕದ ಬಗ್ಗೆ ಅಭಿಪ್ರಾಯ ಕಳಿಸಬಹುದು. ಮೂಲ ಸೂಚಕಗಳೆಲ್ಲ ಪೂರೈಸಿದರೆ ಕೋರ್ ದರ್ಜೆ, ಹೆಚ್ಚುವರಿ ಸೂಚಕಗಳಿಗೆ ಬರುವ ಅಂಕಗಳ ಮೇಲೆ ಗೋಲ್ಡ್ ಅಥವಾ ಪ್ಲಾಟಿನಂ. ಕೊಯಮತ್ತೂರಿನ ಐಟಿಸಿ ಕಾಗದ ಘಟಕದಂತೆ ಪ್ಲಾಟಿನಂ ಪಡೆದ ಘಟಕಗಳು ನಮ್ಮ ನೆರೆಯಲ್ಲೇ ಇವೆ. ಪ್ರಮಾಣಿತ ಘಟಕಗಳ ಪಟ್ಟಿ ಎಡಬ್ಲ್ಯೂಎಸ್ ಜಾಲತಾಣದಲ್ಲಿದೆ. ನಿಮ್ಮದೇ ಕ್ಷೇತ್ರದ ಒಂದು ಘಟಕದ ವರದಿ ಸಿಕ್ಕರೆ ಓದಿ, ದುಬಾರಿ ತರಬೇತಿಗಿಂತ ಹೆಚ್ಚು ಅರ್ಥವಾಗುತ್ತದೆ.

ಸಣ್ಣ ಬೆಳೆಗಾರರು ಒಬ್ಬೊಬ್ಬರೇ ಈ ಖರ್ಚು ಹೊರಬೇಕಾಗಿಲ್ಲ. ಒಂದೇ ಹಳ್ಳದ ಇಕ್ಕೆಲದ ತೋಟಗಳು ಅಥವಾ ಒಂದೇ ಸಹಕಾರ ಸಂಘದ ಸದಸ್ಯರು ಗುಂಪು ಪ್ರಮಾಣೀಕರಣಕ್ಕೆ ಹೋಗಬಹುದು. ಇನ್ನು ಕೊಳ್ಳುವವರ ಒತ್ತಾಯವೇ ಇಲ್ಲದ ಸಣ್ಣ ಘಟಕಗಳಿಗೆ ನನ್ನ ಸಲಹೆ: ಮೊದಲ ವರ್ಷ ಹಂತ 1ರಿಂದ 4ರವರೆಗೆ ಸ್ವಂತ ಬಲದಲ್ಲಿ ಮಾಡಿ, ಆಮೇಲೆ ಸರ್ಟಿಫಿಕೇಟಿನ ಖರ್ಚನ್ನು ಯೋಚಿಸಿ. ಆ ಹಣ ಮೀಟರುಗಳಿಗೆ ಹೋದರೆ ಹೆಚ್ಚು ಉಪಯೋಗ.

ಪ್ರಮಾಣಪತ್ರ ಸಿಕ್ಕರೆ ಅದರ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಮೇಲ್ವಿಚಾರಣಾ ಪರಿಶೋಧನೆ ಇರುತ್ತದೆ. ಆ ನಡುವೆ ಹೊಸ ಕೊಳವೆಬಾವಿ ಕೊರೆಸಿದರೆ, ನಲ್ಲಿ ನೀರಿನಿಂದ ಟ್ಯಾಂಕರಿಗೆ ಹೋದರೆ, ಉತ್ಪಾದನಾ ಸಾಲು ಹೆಚ್ಚಿಸಿದರೆ, ಪರಿಶೋಧಕರು ಬರುವವರೆಗೆ ಕಾಯದೆ ಪ್ರಮಾಣೀಕರಣ ಸಂಸ್ಥೆಗೆ ಬರಹದಲ್ಲಿ ತಿಳಿಸಿ, ಹಂತ 1ರ ನಕ್ಷೆಯನ್ನೂ ಹಂತ 2ರ ಪಟ್ಟಿಯನ್ನೂ ಆ ದಿನಾಂಕದಿಂದಲೇ ಬದಲಿಸಿ.